ಅಳತೆ ಹೇಳುತ್ತಾ ನಡೆದ ಟೈಲರ್

ನಮ್ಮವರು ಟೈಲರ್. ಮೂವತ್ತೊಂದು ವರ್ಷ ಅವರ ಬಾಯಲ್ಲಿ ಗುಂಡುಪಿನ್ನು ಇತ್ತು. ಬಟ್ಟೆಗೆ ಚುಚ್ಚುವಾಗ ಕೈಗೆ ಬೇಗ ಸಿಗಲಿ ಎಂದು ನಾಲ್ಕೈದನ್ನು ತುಟಿಯಲ್ಲಿ ಕಚ್ಚಿಕೊಂಡೇ ಇರುತ್ತಿದ್ದರು. ಪಿನ್ನು ಕಚ್ಚಿದವರು ಮಾತಾಡುವುದು ಹೇಗೆ. ಊಂ ಎಂದರೆ ಹೌದು, ಊಂಹೂಂ ಎಂದರೆ ಇಲ್ಲ. ಮನೆಗೆ ಬಂದು ಪಿನ್ನು ತೆಗೆದಿಟ್ಟ ಮೇಲೂ ಅದೇ ಅಭ್ಯಾಸ. ಮದುವೆಯಾದ ಹೊಸತರಲ್ಲಿ ಇವರಿಗೆ ಮಾತೇ ಬರುವುದಿಲ್ಲವೇನೋ ಎಂದು ನಾನು ಅತ್ತಿದ್ದೂ ಉಂಟು. ಅವರು ಹೋಗಿ ಈಗ ಐದು ತಿಂಗಳು. ಅಳು ಬರುತ್ತದೆ. ಅಳುತ್ತಿರುವಾಗಲೇ ಆ ನಡಿಗೆ ನೆನಪಾಗಿ ನಗು ಬಂದುಬಿಡುತ್ತದೆ. ಅದನ್ನೇ ಬರೆಯುತ್ತೇನೆ.

ಅಂಗಡಿ ಮೊದಲನೇ ಮಹಡಿಯಲ್ಲಿತ್ತು, ಹದಿನೆಂಟು ಮೆಟ್ಟಿಲು. ಒಂದು ದಿನ ಕೋಟಿನ ತೋಳು ಹೊಲಿಯುತ್ತಿದ್ದಾಗ ಎದೆ ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಹೃದಯದ ಒಂದು ಮಗ್ಗುಲು ಸೋತಿದೆ ಎಂದರು ಡಾಕ್ಟರು. ಸುಮ್ಮನೆ ಮಲಗಿದರೂ ಕೆಡುತ್ತದೆ, ಮೈಮರೆತು ದುಡಿದರೂ ಕೆಡುತ್ತದೆ. ದಿನಾ ನಡೆಯಬೇಕು, ಆದರೆ ಇವರ ನಾಡಿ ನಿಮಿಷಕ್ಕೆ ನೂರಾ ಹತ್ತು ದಾಟಬಾರದು. ಮೂರು ತಿಂಗಳಾದ ಮೇಲೆ ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿ ನೋಡುತ್ತಾರಂತೆ. ಅಲ್ಲಿ ನಾಡಿ ಹಿಡಿತದಲ್ಲಿದ್ದರೆ ಹೊಲಿಗೆ ಮಿಷಿನ್ನು ತುಳಿಯಬಹುದು, ಇಲ್ಲದಿದ್ದರೆ ಅಂಗಡಿಯ ಆಸೆ ಬಿಡಬೇಕು.

ಮಿಷಿನ್ನಿಗೆ ಮೋಟಾರು ಹಾಕಿಸೋಣ ಎಂದಳು ಮಗಳು. ಇವರು ಊಂಹೂಂ ಎಂದರು. ಕಾಲು ಹೇಳಿದ್ದನ್ನು ಕೈ ಕೇಳುವ ಕೆಲಸ ಇದು, ನಡುವೆ ಮೂರನೆಯವರು ಬೇಡ ಎಂದು ಅದರ ಅರ್ಥ. ಅವರ ಊಂಹೂಂಗೆ ಅರ್ಥ ಹಚ್ಚುವುದು ನನಗೆ ರೂಢಿಯಾಗಿತ್ತು.

ಮಗಳು ಸುಮ್ಮನಿರದೆ ನಾಡಿ ತೋರಿಸುವ ಕೈಗಡಿಯಾರ ತಂದು ಕಟ್ಟಿದಳು. ಅದು ಇನ್ನೊಂದು ಪೀಕಲಾಟ. ನೂರಾ ಎಂಟು ಕಂಡರೆ ಗಾಬರಿ, ಗಾಬರಿಗೆ ನೂರಾ ಹನ್ನೆರಡು, ಅದನ್ನು ನೋಡಿ ನೂರಾ ಹದಿನೇಳು. ಮನುಷ್ಯ ನಿಂತಲ್ಲೇ ನಿಂತಿದ್ದಾರೆ, ಹೃದಯ ಮಾತ್ರ ಓಡುತ್ತಿದೆ. ಒಮ್ಮೆ ಅದನ್ನೇ ನೋಡುತ್ತಾ ಹೋಗಿ ದೀಪದ ಕಂಬಕ್ಕೆ ಹಣೆ ಕೊಟ್ಟರು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಊದಿದ ಹಣೆ ನೋಡಿ ಗಡಿಯಾರ ಬಿಚ್ಚಿಸಿದಳು. ಮೊದಲ ಐದು ನಿಮಿಷ ಮೆಲ್ಲಗೆ, ನಡುವೆ ಹತ್ತು ನಿಮಿಷ ಸ್ವಲ್ಪ ಬಿರುಸು, ಕೊನೆಗೆ ಮತ್ತೆ ಮೆಲ್ಲಗೆ, ಥಟ್ಟನೆ ನಿಲ್ಲಬಾರದು ಎಂದಳು. ಎದೆನೋವೋ ತಲೆಸುತ್ತೋ ಬಂದರೆ ಅಲ್ಲೇ ಬಿಟ್ಟುಬಿಡಬೇಕು, ಆಸ್ಪತ್ರೆಗೆ ತಿಳಿಸಬೇಕು. ಬಿರುಸು ಎಷ್ಟು ಎಂದು ತಿಳಿಯುವುದು ಹೇಗೆಂದು ಕೇಳಿದೆ.

"ನಡೆಯೋವಾಗ ಬಾಯಿಬಿಟ್ಟು ಮಾತಾಡ್ತಾ ಇರಿ ಅಂಕಲ್. ಮಾತು ಸಲೀಸಾಗಿ ಬಂದ್ರೆ ಸರಿಯಿದೆ. ಪದಪದಕ್ಕೂ ಉಸಿರು ಎಳೀಬೇಕಾದ್ರೆ ನಿಧಾನ ಮಾಡಿ."

ನಾನು ಅವಳ ಮುಂದೆಯೇ ಕಿಸಕ್ಕನೆ ನಕ್ಕುಬಿಟ್ಟೆ. ಆ ಔಷಧಿ ನಮ್ಮ ಮನೆಯಲ್ಲಿ ಸಿಗುವುದಿಲ್ಲಮ್ಮ ಎಂದೆ.

ಮರುದಿನ ಬೆಳಿಗ್ಗೆ ಹೊರಟೆವು. ಮೊದಲ ಬೀದಿ ದಾಟುವವರೆಗೂ ಇವರು ಮೀನಿನ ಹಾಗೆ ಬಾಯಿ ತೆರೆದರು, ಮುಚ್ಚಿದರು. ಏನಾದರೂ ಹೇಳ್ರೀ ಎಂದೆ. ಏನು ಹೇಳಲಿ ಎಂದರು. ಗೊತ್ತಿರೋದು ಹೇಳಿ ಎಂದೆ. ತಪ್ಪಾಗಿದ್ದು ಅಲ್ಲೇ. ಅವರಿಗೆ ಗೊತ್ತಿದ್ದದ್ದು ಒಂದೇ.

"ಬೇಕರಿಯವನು. ಎದೆ ನಲವತ್ತು. ಸೊಂಟ ನಲವತ್ತಾರು. ಪ್ಯಾಂಟಿನ ಸೊಂಟಪಟ್ಟಿ ಒಳಗೆ ನಲವತ್ತೆರಡು ಅಂತ ಬರೆಸ್ಕೊಳ್ತಾನೆ, ಹೆಂಡತಿ ನೋಡಲಿ ಅಂತ."

ಮಾತು ನೀರು ಹರಿದಂತೆ ಬಂತು. ಬಳಸದೇ ಇದ್ದ ಗಂಟಲು, ಎಷ್ಟು ಜೋರು ಎಂಬ ಅಂದಾಜು ಅದಕ್ಕಿಲ್ಲ. ಬ್ಯಾಂಕಿನ ಕಾವಲುಗಾರನ ಕೋಟಿನ ಎದೆಗೆ ಒಳಗಿಂದ ಅರ್ಧ ಇಂಚು ಹತ್ತಿ. ಶಾಲೆಯ ದೊಡ್ಡ ಮೇಡಮ್ಮನ ಎಡಭುಜ ಮುಕ್ಕಾಲು ಇಂಚು ಕೆಳಗೆ. ಒಂದೊಂದೇ ಕಿಟಕಿ ತೆರೆದುಕೊಂಡಿತು. ಸಾಕು ಸುಮ್ಮನಿರಿ ಎಂದು ನಾನು ತೋಳು ಜಗ್ಗುತ್ತೇನೆ, ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಳ್ಳುತ್ತೇನೆ. ಹೃದಯದ ಕಾಯಿಲೆ ಅವರಿಗೆ, ಏದುಸಿರು ನನಗೆ.

ಒಂದು ವಾರದಲ್ಲಿ ನಮ್ಮ ಹಿಂದೆ ನಡೆಯುವವರೇ ಎಂಟು ಜನರಾದರು. ಆರೋಗ್ಯಕ್ಕೆ ಒಳ್ಳೆಯದು ಅನ್ನುತ್ತಿದ್ದರು. ಎರಡನೇ ವಾರ ಬೇಕರಿಯವನು ಬಾಗಿಲಿಗೆ ಬಂದ.

"ನನ್ನ ಸೊಂಟ ಏನು ಊರ ಆಸ್ತೀನಾ ಅಕ್ಕಾ? ನಾನು ತಿನ್ನೋ ಒಂದೊಂದು ತುತ್ತನ್ನೂ ನನ್ನ ಹೆಂಡ್ತಿ ಈಗ ಎಣಿಸ್ತಾಳೆ."

ಇವರ ಮುಖ ಸುಟ್ಟ ಹಾಗಾಯಿತು. ಗಿರಾಕಿಯ ಅಳತೆ ಟೈಲರನ ಹೊಟ್ಟೆಯಲ್ಲೇ ಇರಬೇಕು, ಅದು ಅವರ ಗುರುಗಳು ಕಲಿಸಿದ ಮೊದಲ ಪಾಠ. ಬೇಕರಿಯವನ ಕೈ ಹಿಡಿದು ಇನ್ನು ಯಾವ ಗಿರಾಕಿಯ ಅಳತೆಯೂ ಬಾಯಿಂದ ಹೊರಬರುವುದಿಲ್ಲ ಎಂದು ಮಾತು ಕೊಟ್ಟರು. ಕೊಟ್ಟ ಮೇಲೆ ಮತ್ತೆ ಅದೇ ಊಂ, ಊಂಹೂಂ. ಉಳಿದ ಎರಡೂವರೆ ತಿಂಗಳು ಮಾತಾಡಿದ್ದು ನಾನು, ನಡೆದದ್ದು ಅವರು.

ಪರೀಕ್ಷೆಯ ದಿನ ಎದೆಗೆ ತಂತಿ ಅಂಟಿಸಿ ಪಟ್ಟಿಯ ಮೇಲೆ ನಿಲ್ಲಿಸಿದರು. ಪಟ್ಟಿ ಓಡತೊಡಗಿತು. ಮಾತಾಡಿ ಅಂಕಲ್ ಎಂದಳು ಹುಡುಗಿ. ಇವರು ತುಟಿ ಬಿಗಿದುಕೊಂಡರು. ಒಂದು ನಿಮಿಷ, ಎರಡು ನಿಮಿಷ. ಕೇಳಿದ್ದಕ್ಕೆಲ್ಲ ಊಂ. ಮಾತೇ ಹೊರಡುತ್ತಿಲ್ಲ, ಉಸಿರು ಸಾಲುತ್ತಿಲ್ಲ ಎಂದುಕೊಂಡರು ಡಾಕ್ಟರು. ನಿಲ್ಲಿಸುವ ಗುಂಡಿಯ ಕಡೆ ಅವರ ಕೈ ಹೋಯಿತು. ಅದನ್ನು ಒತ್ತಿದರೆ ಅಂಗಡಿ ಮುಗಿಯಿತು. ಉಸಿರಲ್ಲ ಡಾಕ್ಟ್ರೇ, ಅವರಿಗೆ ಹೇಳಲು ಏನೂ ಉಳಿದಿಲ್ಲ ಎಂದೆ. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಪಟ್ಟಿಯ ಪಕ್ಕಕ್ಕೆ ಹೋಗಿ ನಿಂತೆ.

"ನನ್ನ ಅಳತೆ ಹೇಳ್ರೀ. ನಾನೇನು ಗಿರಾಕಿ ಅಲ್ಲ, ಜಗಳಕ್ಕೂ ಬರಲ್ಲ."

ಅವರು ನನ್ನತ್ತ ನೋಡಿದರು. ನನಗೆ ಟೇಪು ಹಿಡಿದು ಅವರು ಯಾವತ್ತೂ ಅಳತೆ ತೆಗೆದವರಲ್ಲ. ಕಣ್ಣಳತೆಯಲ್ಲೇ ಹೊಲಿಯುತ್ತಿದ್ದರು.

"ಮದುವೆ ವರ್ಷ ಸೊಂಟ ಇಪ್ಪತ್ತಾರು. ಮಗಳು ಹುಟ್ಟಿದ ಮೇಲೆ ಮೂವತ್ತು. ನಿಮ್ಮಮ್ಮ ತೀರಿಕೊಂಡ ವರ್ಷ ನೀನು ಎರಡಿಂಚು ಇಳಿದುಹೋದೆ, ನಿನಗೆ ಹೇಳದೆ ನಾನೇ ಬಟ್ಟೆ ಹಿಡಿದು ಹೊಲಿದೆ. ನಾನು ಆಸ್ಪತ್ರೇಲಿ ಇದ್ದಾಗ ಇನ್ನೂ ಒಂದೂವರೆ ಹೋಯ್ತು. ಅದು ಇನ್ನೂ ತುಂಬಿಕೊಂಡಿಲ್ಲ ಕಣೇ."

ಒಂದು ಪದವೂ ತುಂಡಾಗಲಿಲ್ಲ. ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡರು. ಕುತ್ತಿಗೆ, ತೋಳು, ಬಲಗೈ ಎಡಗೈಗಿಂತ ಕಾಲು ಇಂಚು ಉದ್ದ, ಇವರು ನಿಲ್ಲಿಸುತ್ತಲೇ ಇಲ್ಲ. ಒಂಬತ್ತು ನಿಮಿಷ ಮುಗಿದಾಗ ನಾಡಿ ನೂರಾ ನಾಲ್ಕು. ನಾನು ನಗುತ್ತಾ ಅಳುತ್ತಾ ನೆಲದ ಮೇಲೆ ಕುಸಿದು ಕೂತಿದ್ದೆ. ಹುಡುಗಿ ನನಗೆ ನೀರು ಕೊಟ್ಟು ನನ್ನ ಕೈ ಹಿಡಿದು ಎಣಿಸಿದಳು. ನೂರಾ ಹದಿನೆಂಟು. ನಿಮ್ಮನ್ನೇ ದಾಖಲು ಮಾಡಿಕೊಳ್ಳಬೇಕು ಆಂಟಿ ಎಂದಳು.

ಅರ್ಧ ಗಂಟೆ ತುಳಿಯಿರಿ, ಎದ್ದು ಸ್ವಲ್ಪ ಓಡಾಡಿ, ಮತ್ತೆ ತುಳಿಯಿರಿ ಎಂದು ಡಾಕ್ಟರು ಬರೆದುಕೊಟ್ಟರು. ಅವತ್ತೇ ಅಂಗಡಿಗೆ ಹೋದೆವು. ಮೆಟ್ಟಿಲಿಗೊಂದು ಮಾತಾಡುತ್ತಾ ಹತ್ತಿದರು. ಬಾಯಿ ಖಾಲಿ ಇರಲಿ ಎಂದು ಪಿನ್ನುಗಳನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡು ಮಿಷಿನ್ನಿಗೆ ಕೂತರು.

ಆಮೇಲೆ ಮೂರು ವರ್ಷ ಒಂದು ತಿಂಗಳು ತುಳಿದರು. ಕಡಿಮೆಯೇ. ಆದರೆ ಆ ಮೂರು ವರ್ಷ ನಮ್ಮ ಮನೆಯಲ್ಲಿ ಬಾಯಿ ತೆರೆಯಲು ನನಗೆ ಸರದಿಯೇ ಸಿಗಲಿಲ್ಲ.