ಏಣಿಗೊಂದು ಕೌದಿ

ದರ್ಜಿಯಮ್ಮ ಹೊಲಿದ ಬಟ್ಟೆಯನ್ನು ತಿರುವಿ ನೋಡಿದವರಿಗೆಲ್ಲ ನಗು. ಹೊಲಿಗೆಯ ಒಳಗೆ ಅಷ್ಟು ಬಟ್ಟೆ! "ಈ ಅಂಗಿ ನನ್ನ ಮಗನಿಗೋ, ಮೊಮ್ಮಗನಿಗೋ?" ಎಂದು ಗಿರಾಕಿಗಳು ಛೇಡಿಸಿದರೆ, "ಮಕ್ಕಳೇನು ನಿಮ್ಮನ್ನ ಕೇಳಿ ಬೆಳೀತಾರಾ? ಮಾರ್ಜಿನ್ ಇರಲಿ, ಬರೋ ವರ್ಷ ಬಿಚ್ಚಿ ದೊಡ್ಡದು ಮಾಡಿಕೊಡ್ತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದೇ ಆ ಮಿಷನ್ನಿನಿಂದ. ಬೆರಳಗಲ ಬಟ್ಟೆ ಒಳಗೆ ಬಿಡುವುದು ಅವಳ ಕೈಗೆ ಅಂಟಿಹೋಗಿತ್ತು.

ಇದ್ದೊಬ್ಬ ಮಗಳು ಬೆಳೆದದ್ದೇ ಬೆಳೆದದ್ದು! ಬೀದಿಯವರು ಇಟ್ಟ ಹೆಸರು ಏಣಿ. ಅಂಗಡಿಯ ಯಾವ ಹೊದಿಕೆಯೂ ಏಣಿಗೆ ಸಾಲದು. ಭುಜ ಮುಚ್ಚಿದರೆ ಪಾದ ಹೊರಗೆ, ಪಾದ ಮುಚ್ಚಿದರೆ ಭುಜ ಹೊರಗೆ. ಪಾಪ, ಮೊಣಕಾಲನ್ನು ಎದೆಗೆ ಎಳೆದುಕೊಂಡು ಮುದುಡಿ ಮಲಗುವುದನ್ನೇ ರೂಢಿ ಮಾಡಿಕೊಂಡಿದ್ದಳು. ಈಗ ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ ಭಾನುವಾರ ಹೊರಡುವವಳಿದ್ದಳು. ಅಲ್ಲಿ ಮೈ ಕೊರೆಯುವ ಚಳಿಯಂತೆ. ಒಂದೇ ಒಂದು ಹೊದಿಕೆಯಾದರೂ ಮಗಳಿಗೆ ಪೂರ್ತಿ ಸಾಲಬೇಕೆಂದು ದರ್ಜಿಯಮ್ಮ ಹಟ ತೊಟ್ಟಳು. ಮಗಳ ಹಳೆಯ ಫ್ರಾಕು, ಲಂಗಗಳನ್ನೆಲ್ಲ ಚೌಕ ಚೌಕವಾಗಿ ಕತ್ತರಿಸಿ, ನೆಲದ ಮೇಲೆ ಒತ್ತಾಗಿ ಜೋಡಿಸಿ ನೋಡಿದಳು. ಏಣಿಗೆ ಸಾಕಾಗಿ ಇನ್ನೂ ಉಳಿಯುವಷ್ಟಿತ್ತು.

ಚೌಕಗಳನ್ನೆಲ್ಲ ಕೂಡಿಸಿ ಹೊಲಿದು, ಅಸ್ತರು ಹಚ್ಚುವ ಮೊದಲು ಮಗಳನ್ನು ಮಲಗಿಸಿ ಹೊದಿಸಿದಳು. ಅಯ್ಯೋ ದೇವರೇ! ಎರಡು ಪಾದವೂ ಹೊರಗೆ. ಪ್ರತಿ ಹೊಲಿಗೆಯೂ ಎರಡೂ ಕಡೆಯಿಂದ ಬೆರಳಗಲ ಬಟ್ಟೆ ನುಂಗಿ ಕೂತಿತ್ತು.

ನೋಡಲು ಬಂದಿದ್ದ ನಾದಿನಿ ಕಿಸಕ್ಕನೆ ನಕ್ಕಳು. "ಕೆಳಗೊಂದು ಪಟ್ಟಿ ಹಚ್ಚಿಬಿಡಿ ಅತ್ತಿಗೆ."

"ಬಟ್ಟೆ ಕಡಿಮೆ ಬಿದ್ರೆ ತಾನೇ ಪಟ್ಟಿ? ಎಲ್ಲಾ ಒಳಗೇ ಅಡಗಿದೆಯಲ್ಲ!"

"ಬಿಡಮ್ಮ," ಎಂದಳು ಏಣಿ. "ನನಗೆ ಮುದುಡಿ ಮಲಗಿ ಅಭ್ಯಾಸ."

ಆ ಮಾತು ಕಿವಿಗೆ ಬಿದ್ದದ್ದೇ ದರ್ಜಿಯಮ್ಮ ಬ್ಲೇಡು ತೆಗೆದುಕೊಂಡು ಮೊದಲ ಹೊಲಿಗೆಯಿಂದಲೇ ಬಿಚ್ಚತೊಡಗಿದಳು. ನಾದಿನಿ ಹಣೆ ಚಚ್ಚಿಕೊಂಡು ಮನೆಗೆ ಹೋದಳು.

ಬಿಚ್ಚಿದ್ದಾಯಿತು. ಆದರೆ ಹೊಸದಾಗಿ ಹೊಲಿದ ಮೊದಲ ಸಾಲೇ ಮತ್ತೆ ಬೆರಳಗಲ! "ಹಾಳಾದ ಕೈ, ಹೇಳಿದ ಮಾತು ಕೇಳಲ್ಲ" ಎಂದು ತನ್ನ ಕೈಗೇ ಒಂದು ಏಟು ಕೊಟ್ಟಳು. ಏಣಿಯ ಚೀಲದಿಂದ ಗಾಯಕ್ಕೆ ಅಂಟಿಸುವ ಪಟ್ಟಿ ತಂದು, ಸೂಜಿಯಿಂದ ಅರ್ಧ ಬೆರಳಗಲ ದೂರಕ್ಕೆ ಮಿಷನ್ನಿನ ಮೇಲೆ ಅಂಟಿಸಿದಳು. ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡೇ ಸಾಗಬೇಕು, ಆಚೆ ಹೋಗಕೂಡದು. ಗಿರಾಕಿಗಳು ಬಂದರೆ "ಸೋಮವಾರ ಬನ್ನಿ" ಎಂದು ತಲೆಯೆತ್ತದೆ ಸಾಗಹಾಕಿದಳು.

ಭಾನುವಾರ ಬೆಳಿಗ್ಗೆ ಕೌದಿ ಹಿಡಿದು ನಿಂತಳು. "ಮಲಗೇ."

"ಬಸ್ಸಿಗೆ ಹೊತ್ತಾಯ್ತಮ್ಮ."

"ಆ ಬಸ್ಸಿನ ಮನೆ ಹಾಳಾಗ. ಮಲಗು ಅಂದ್ರೆ ಮಲಗು."

ಏಣಿ ಮಲಗಿದಳು. ಹೊದಿಸಿದ ಕೂಡಲೇ ಅವಳ ಮೊಣಕಾಲು ತಾನಾಗಿ ಎದೆಗೆ ಬಂತು. ದರ್ಜಿಯಮ್ಮ ಎರಡೂ ಕೈಯಿಂದ ಅದುಮಿದಳು. "ಕಾಲು ನೀಡೇ! ಇದು ಅಂಗಡೀದಲ್ಲ, ನಿಮ್ಮಮ್ಮ ಹೊಲಿದದ್ದು."

ಈಗ ಬೆರಳಿಗೆ ಗಾಳಿ ತಾಕುತ್ತದೆ, ಈಗ ತಾಕುತ್ತದೆ ಎಂದು ಹೆದರುತ್ತ ಏಣಿ ಮೆಲ್ಲಗೆ ಕಾಲು ನೀಡಿದಳು. ಪೂರ್ತಿ ನೀಡಿದಳು. ಗಾಳಿ ತಾಕಲೇ ಇಲ್ಲ. ಅವಳ ಕಣ್ಣು ತುಂಬಿ ಬಂತು.

"ಅಮ್ಮಾ, ಇನ್ನೂ ಮಿಕ್ಕಿದೆ!"

"ಇರಲಿ ಬಿಡೇ," ಎಂದು ದರ್ಜಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಷ್ಟಾದ್ರೂ ಮಾರ್ಜಿನ್ ಬೇಡವಾ?"