ಏರಿಯ ಮೇಲಿನ ಬಿಳಿ ಚೌಕಗಳು

ಇನ್ನೂ ಸೂರ್ಯ ಹುಟ್ಟಿಲ್ಲ. ತೈತುಂಗ್ ಪಟ್ಟಣದ ಮಕ್ಕಳ ಬೇಸ್‌ಬಾಲ್ ಮೈದಾನದ ಬೇಲಿಯಾಚೆ, ನದಿಯ ಏರಿಯ ಮೇಲೆ ಒಸಾಯ್ ಬಗ್ಗಿ ಗೂಟ ಬಡಿಯುತ್ತಿದ್ದಾರೆ. ಗೂಟದಿಂದ ಗೂಟಕ್ಕೆ ದಾರ ಬಿಗಿದು, ಅದರ ಗುಂಟ ಸುಣ್ಣದ ಗಾಡಿ ತಳ್ಳುತ್ತಾರೆ. ಒದ್ದೆ ಹುಲ್ಲಿನ ಮೇಲೆ ಬಿಳಿ ಚೌಕವೊಂದು ಮೂಡುತ್ತದೆ. ಒಂದಷ್ಟು ಜಾಗ ಬಿಟ್ಟು ಇನ್ನೊಂದು.

ಅರವತ್ತು ದಾಟಿದ ಈ ಹೆಂಗಸಿನ ಕೆಲಸ ಮೈದಾನದ ಒಳಗೆ ಗೆರೆ ಎಳೆಯುವುದು. ಹೊರಗೆ ಎಳೆಯುತ್ತಿರುವುದು ಇದೇ ಮೊದಲು. ಇವತ್ತು ಹನ್ನೆರಡು ವರ್ಷದೊಳಗಿನ ಮಕ್ಕಳ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಫೈನಲ್. ಅದು ಕೊನೆಯವರೆಗೆ ನಡೆಯುವುದೋ ಇಲ್ಲವೋ ಎಂಬುದು ಈ ಚೌಕಗಳನ್ನೇ ನೆಚ್ಚಿಕೊಂಡಿದೆ.

ಕೊರೊನಾ ಕಾರಣಕ್ಕೆ ಈ ಸಲ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಅಪ್ಪ, ಅಮ್ಮ, ಅಜ್ಜಿಯರೆಲ್ಲ ಏರಿ ಹತ್ತಿ ಬೇಲಿಯ ಮೇಲಿಂದ ನೋಡುತ್ತಾರೆ. ಆರೋಗ್ಯದ ಉಸ್ತುವಾರಿ ಹೊತ್ತ ಚಿಯೆನ್ ಎಂಬ ತರುಣ ಅಧಿಕಾರಿ ನಿನ್ನೆ ಅಲ್ಲಿ ಹಳದಿ ಟೇಪು ಕಟ್ಟಿಸಿದ್ದರು. ಸೆಮಿಫೈನಲ್ ಮುಗಿಯುವ ಹೊತ್ತಿಗೆ ಟೇಪಿನಡಿ ನುಸುಳಿ ಎಲ್ಲರೂ ಬೇಲಿಗೆ ಮುಗಿಬಿದ್ದಿದ್ದರು. “ನಾಳೆಯೂ ಹೀಗೇ ಆದ್ರೆ ಆಟ ಅಲ್ಲಿಗೇ ನಿಲ್ಲಿಸಿ, ಕಪ್ ಇಬ್ಬರಿಗೂ ಹಂಚಿಬಿಡ್ತೀವಿ. ನನಗೂ ಮೇಲಿನೋರು ಇದಾರೆ” ಎಂದು ಚಿಯೆನ್ ಹೇಳಿದಾಗ ಅವರ ದನಿಯೂ ಕುಗ್ಗಿತ್ತು.

ಹಂಚಿದ ಕಪ್ ಎಂಥದ್ದೆಂದು ಒಸಾಯ್‌ಗೆ ಗೊತ್ತು. ಅವರ ಮಗನ ಫೈನಲ್ ಒಮ್ಮೆ ಚಂಡಮಾರುತಕ್ಕೆ ಸಿಕ್ಕಿ ಅರ್ಧಕ್ಕೇ ನಿಂತಿತ್ತು. “ಅವನಿಗೀಗ ನಲವತ್ತು. ಸೋತಿದ್ರೆ ಮರೆತಿರ್ತಿದ್ದ. ಈಗ್ಲೂ ಊಟಕ್ಕೆ ಕೂತಾಗ ಮಾತಲ್ಲೇ ಆ ಆಟ ಮುಗಿಸ್ತಾ ಇರ್ತಾನೆ” ಎಂದು ವರದಿಗೆ ಬಂದ ನನಗೆ ಹೇಳುತ್ತಾರೆ.

ಕಡಲತೀರದ ಆಮಿಸ್ ಬುಡಕಟ್ಟಿನ ಹಳ್ಳಿಯವರು ಒಸಾಯ್. ಮೀನು ಹಿಡಿಯಲು ಹೋದ ಗಂಡ ಮರಳದಿದ್ದಾಗ ಈ ಕೆಲಸಕ್ಕೆ ಸೇರಿದರು. ಮಣ್ಣು ಜರಡಿ ಹಿಡಿದು ಕಲ್ಲು ಆರಿಸುವುದು, ಮಳೆ ನಿಂತೊಡನೆ ಸ್ಪಂಜಿನಿಂದ ನೀರು ಹಿಂಡುವುದು, ನೀರು ಚಿಮುಕಿಸುವುದು, ಗೆರೆ ಎಳೆಯುವುದು. ಮಂಡಿ ಸವೆದಿವೆ. “ಕಲ್ಲಿಗೆ ತಾಗಿದ ಚೆಂಡು ಮಗುವಿನ ಮುಖಕ್ಕೇ ಎಗರೋದು. ಅದಕ್ಕೇ ಕಣ್ಣಿಗಿಂತ ಬೆರಳಿಂದ ಹುಡುಕ್ತೀನಿ.” ಮೈದಾನದಲ್ಲಿ ಎಲ್ಲರೂ ಅವರನ್ನು ಇನಾ, ಎಂದರೆ ಅಮ್ಮಾ, ಎಂದೇ ಕರೆಯುತ್ತಾರೆ.

ಚಿಯೆನ್ ಬಂದು ಚೌಕಗಳನ್ನು ನೋಡುತ್ತಾರೆ. “ಟೇಪೇ ನಿಲ್ಲಿಸಲಿಲ್ಲ ಇನಾ, ಸುಣ್ಣ ನಿಲ್ಲಿಸುತ್ತಾ?”

“ಇದು ಬ್ಯಾಟ್ ಹಿಡಿಯೋನು ನಿಲ್ಲೋ ಚೌಕದ ಅಳತೆ. ಇವರೆಲ್ಲ ಆಡಿ ಬೆಳೆದೋರು. ಚೌಕದ ಹೊರಗೆ ಕಾಲಿಟ್ಟು ಹೊಡೆದ್ರೆ ಔಟು. ಬಿಳಿ ಗೆರೆ ತುಳಿದ್ರೆ ತಂಡಕ್ಕೇ ಕೇಡು ಅಂತಾರೆ. ಮಗು ಒಳಗೆ ಆಡ್ತಿರೋವಾಗ ಯಾರಪ್ಪ ತುಳೀತಾರೆ?”

ಚಿಯೆನ್‌ಗೆ ನಂಬಿಕೆಯಿಲ್ಲ. ಅವರು ಶಾಲೆಯಲ್ಲಿ ಆಡಿದ್ದು ಟೇಬಲ್ ಟೆನಿಸ್.

ಬಿಸಿಲೇರುವಾಗ ಮನೆಮಂದಿ ಬರುತ್ತಾರೆ. ಒಬ್ಬೊಬ್ಬರೂ ಗೆರೆಯ ಮುಂದೆ ತಡೆದು, ಕಾಲೆತ್ತಿ ದಾಟಿ ಚೌಕದೊಳಗೆ ಇಳಿಯುತ್ತಾರೆ. “ಮಾಸ್ಕ್ ಹಾಕ್ಕೊಂಡ್ರೆ ಎಲಡಿಕೆ ಉಗಿಯೋದೆಲ್ಲಿಗೆ?” ಎಂದು ಮುದುಕರೊಬ್ಬರು ಗೊಣಗುತ್ತಾರೆ. “ನುಂಗು” ಎನ್ನುತ್ತಾರೆ ಹೆಂಡತಿ, ಪಕ್ಕದ ಚೌಕದಿಂದ.

ಊರುಗೋಲಿನ ಅಜ್ಜಿಯೊಬ್ಬರು ಗೆರೆಯ ಮುಂದೆ ನಿಂತೇ ಇದ್ದಾರೆ. ಗೆರೆ ದಾಟುವಷ್ಟು ಕಾಲು ಏಳದು. ತುಳಿಯಲು ಮನಸ್ಸಿಲ್ಲ. ಎದುರಾಳಿ ತೈನಾನ್ ತಂಡದ ಕಡೆಯ ಇಬ್ಬರು ತಂದೆಯರು ಕುರ್ಚಿ ತಂದು, ಅವರನ್ನು ಕೂರಿಸಿ, ಕುರ್ಚಿ ಸಮೇತ ಎತ್ತಿ ಒಳಗಿಡುತ್ತಾರೆ.

“ಒಳ್ಳೇ ಮಕ್ಕಳು. ಆದ್ರೂ ಇವತ್ತು ನೀವು ಸೋಲ್ತೀರಿ” ಎನ್ನುತ್ತಾರೆ ಅಜ್ಜಿ.

“ಆಗ್ಲಿ ಅಜ್ಜಿ. ಹೊತ್ಕೊಂಡು ಇಳಿಸೋಕೆ ಗೆದ್ದೋರನ್ನ ಕರೀರಿ.”

ಕೊನೆಯ ಸರದಿ. ಎರಡೂ ತಂಡಗಳು ಸಮಸಮ. ತೈನಾನ್‌ನ ಪುಟ್ಟ ಹುಡುಗನೊಬ್ಬ ಬೀಸಿ ಹೊಡೆದ ಚೆಂಡು ಬೇಲಿ ದಾಟಿ ನೇರ ಏರಿಗೇ ಬಂದು ಬೀಳುತ್ತದೆ. ಏರಿಯ ಮೇಲೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ನಿನ್ನೆಯಾಗಿದ್ದರೆ ಇಷ್ಟರಲ್ಲಿ ನೂಕುನುಗ್ಗಲು. ಚಿಯೆನ್ ಕೈ ಸೀಟಿಯ ಮೇಲಿದೆ. ಹುಡುಗನ ತಾಯಿ ತನ್ನ ಚೌಕದ ಗೆರೆಯವರೆಗೆ ನುಗ್ಗುತ್ತಾಳೆ, ಅಲ್ಲೇ ನಿಲ್ಲುತ್ತಾಳೆ, ನಿಂತಲ್ಲೇ ಕುಣಿಯುತ್ತಾಳೆ. ಒಂದೇ ಒಂದು ಕಾಲೂ ಹೊರಗೆ ಬರುವುದಿಲ್ಲ. ಚೆಂಡು ಉರುಳಿ ಖಾಲಿ ಚೌಕವೊಂದರಲ್ಲಿ ನಿಲ್ಲುತ್ತದೆ. ತರಲು ಹೊರಟ ಚಿಯೆನ್ ಗೆರೆಯ ಬಳಿ ಅರೆಗಳಿಗೆ ತಡೆದು, ತಾವೂ ಕಾಲೆತ್ತಿ ದಾಟುತ್ತಾರೆ. ಒಸಾಯ್ ಬೇರೆ ಕಡೆ ನೋಡುತ್ತಾರೆ. ನಕ್ಕದ್ದು ಮಾಸ್ಕಿನೊಳಗೇ ಉಳಿಯುತ್ತದೆ.

ಆ ಒಂದು ಹೊಡೆತಕ್ಕೆ ತೈನಾನ್ ಗೆದ್ದಿದೆ. ತೈತುಂಗ್‌ನ ಮಕ್ಕಳು ಅಳುತ್ತಿದ್ದಾರೆ. ಆಟ ಮುಗಿದ ಮೇಲೆ ಪ್ರೇಕ್ಷಕರಿಗೆ ಬಾಗುವುದು ವಾಡಿಕೆ. ಮೈದಾನದೊಳಗಿನ ಖಾಲಿ ಕುರ್ಚಿಗಳಿಗೆ ಬೆನ್ನು ಹಾಕಿ ಎರಡೂ ತಂಡಗಳು ಬೇಲಿಯವರೆಗೆ ಓಡಿ ಬರುತ್ತವೆ, ಟೋಪಿ ತೆಗೆದು ಏರಿಯತ್ತ ಬಾಗುತ್ತವೆ. ಚೌಕಗಳಲ್ಲಿ ನಿಂತವರೂ ಬಾಗುತ್ತಾರೆ.

ಎಲ್ಲರೂ ಹೋದ ಮೇಲೆ ಗೂಟ ಕೀಳುತ್ತಿರುವ ಒಸಾಯ್‌ರನ್ನು, ಮುಂದಿನ ವರ್ಷವೂ ಇಲ್ಲಿ ಗೆರೆ ಎಳೆಯುತ್ತೀರಾ ಎಂದು ಕೇಳುತ್ತೇನೆ.

“ಬೇಡಮ್ಮ. ಎಲ್ಲ ಒಳಗೇ ಬರ್ಲಿ. ಒಬ್ಬರ ಮೇಲೊಬ್ಬರು ಬಿದ್ದು ಕಿರುಚಾಡ್ಲಿ, ಕಡಲೆಕಾಯಿ ಸಿಪ್ಪೆ ನನ್ನ ಮೈದಾನದ ತುಂಬ ಎರಚ್ಲಿ. ಬೈಕೊಂಡು ಗುಡಿಸ್ತೀನಿ.”