ಶ್ರೀವಲ್ಲಿ ಮತ್ತೆ ಸ್ಕೂಟರ್ ಹತ್ತಿದ ಭಾನುವಾರ

ಶ್ರೀವಲ್ಲಿಗೆ ಮಂಡಿಕಲ್ಲಿನ ನಾಡಕಚೇರಿಯಲ್ಲಿ ಗುಮಾಸ್ತೆಯ ಕೆಲಸ, ಮನೆ ಚಿಕ್ಕಬಳ್ಳಾಪುರದಲ್ಲಿ. ಸ್ಕೂಟರ್ ಓಡಿಸುತ್ತಿದ್ದಷ್ಟು ದಿನ ಬೆಳಕಿರುವಾಗಲೇ ಮನೆ ಸೇರುತ್ತಿದ್ದಳು. ಹೋದ ಮಳೆಗಾಲದಲ್ಲಿ ರಸ್ತೆಯಂಚಿನ ಮರಳಿನಲ್ಲಿ ಜಾರಿ ಬಿದ್ದು ಎಡಗೈ ಮುರಿದ ಮೇಲೆ ಬಸ್ಸು ಹಿಡಿದಳು. ಬಸ್ಸು ತಡವಾಗಬಹುದಿತ್ತು, ರಾತ್ರಿಯ ಅಡುಗೆ ತಡವಾಗುವಂತಿರಲಿಲ್ಲ. ಕೈಗೆ ಪ್ಲಾಸ್ಟರ್ ಇದ್ದಾಗಲೂ ಅದರ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅವಳೇ ಪಾತ್ರೆ ತೊಳೆದಳು. ನೋಡಲು ಬಂದವರ ಮುಂದೆ ಗಂಡ ಗಣೇಶ್ ಪ್ರಸಾದ್, "ಒಂದೇ ಕೈಲಿ ಎಲ್ಲಾ ನಿಭಾಯಿಸ್ತಾಳೆ" ಎಂದು ಹೆಮ್ಮೆಪಡುತ್ತಿದ್ದ.

ಕೈ ವಾಸಿಯಾಯಿತು, ಹೆದರಿಕೆ ವಾಸಿಯಾಗಲಿಲ್ಲ. ಕೀ ಹಿಡಿದರೆ ಅಂಗೈ ಬೆವರುತ್ತಿತ್ತು. ಗ್ಯಾರೇಜಿನ ನಲ್ಲಪ್ಪ ತನ್ನ ಸೊಸೆಗೆ ಬೇಕೆಂದು ಸ್ಕೂಟರ್ ಕೇಳಿದ್ದ, ಭಾನುವಾರ ಬಂದು ಒಯ್ಯುವುದೆಂದು ಮಾತಾಗಿತ್ತು.

"ಓಡಿಸೋದಾದ್ರೆ ಇಟ್ಕೋ. ಸುಮ್ನೆ ನಿಂತ್ರೆ ಬ್ಯಾಟರಿ ಹೋಗುತ್ತೆ" ಎಂದಿದ್ದ ಗಣೇಶ್ ಪ್ರಸಾದ್. ಮಾತು ನ್ಯಾಯವಾಗಿಯೇ ಇತ್ತು. ಹಾಗಾಗಿ ಅವಳಿಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಶನಿವಾರ ಸಂಜೆ ಸಂಘಮಿತ್ರಳ ಫೋನು ಬಂತು. ಅವಳು ಆಸ್ಪತ್ರೆಯಲ್ಲಿ ನರ್ಸು, ಶ್ರೀವಲ್ಲಿಯ ಶಾಲೆಯ ಗೆಳತಿ.

"ನಾಳೆ ಬೆಳಗ್ಗೆ ಕಳವಾರಕ್ಕೆ ಹೋಗಣ ಕಣೇ. ಬೆಟ್ಟದ ಕೆಳಗಿನ ಮಂಜು ಇನ್ನೊಂದು ವಾರ ಇರೋದೂ ಕಷ್ಟ. ಕದಿರಮ್ಮನೂ ಮೊಮ್ಮಗಳನ್ನ ಕೂರಿಸ್ಕೊಂಡು ಬರ್ತಾರೆ. ನೀನು ಅಪೇಕ್ಷಾನ ಕರ್ಕೊಂಡು ಬಾ, ನಿನ್ನ ಗಾಡೀಲೇ."

"ನನ್ನ ಕೈಲಿ ಆಗಲ್ಲ."

"ಆಗ್ದಿದ್ರೆ ಮಧ್ಯಾಹ್ನ ನಲ್ಲಪ್ಪಂಗೆ ಕೊಡುವಂತೆ. ಕೊಡೋಕ್ ಮುಂಚೆ ಒಂದ್ಸಲ ನೋಡ್ಬಾರ್ದಾ?"

ಅತ್ತೆ ಗೋದಮ್ಮನ ಚಿಂತೆ ಬೇರೆಯೇ ಆಗಿತ್ತು. ಸೀಸನ್ನಿನ ಕೊನೆಯ ಅವರೆಕಾಳನ್ನು ಆಗಲೇ ನೆನೆಹಾಕಿದ್ದರು. ಬೆಳಗ್ಗೆ ಒಂದೊಂದೇ ಕಾಳು ಹಿಚುಕಿ ಸಿಪ್ಪೆ ತೆಗೆದರೆ ಮಧ್ಯಾಹ್ನಕ್ಕೆ ಹಿತಕಿದ ಬೇಳೆ ಸಾರು. "ನೀನು ಮಂಜು ನೋಡೋಕ್ ಹೋದ್ರೆ ಕಾಳು ಹಿಚುಕೋರ್ಯಾರಮ್ಮ?"

ಗಣೇಶ್ ಪ್ರಸಾದ್ ಪೇಪರಿನಿಂದ ತಲೆ ಎತ್ತಲಿಲ್ಲ.

"ಡಬ್ಬಿಗೆ ಹಾಕ್ಕೊಂಡು ಬಾ" ಎಂದಳು ಸಂಘಮಿತ್ರ, ಫೋನಿನಲ್ಲೇ ಎಲ್ಲ ಕೇಳಿಸಿಕೊಂಡು.

ಹೀಗೆ ಮಾರನೆಯ ಬೆಳಗ್ಗೆ ಮೂರು ಸ್ಕೂಟರುಗಳು ಹೊರಟವು. ಮುಂದೆ ಸಂಘಮಿತ್ರ, ಹಿಂದೆ ಅವಳ ಮಗ ಸಿದ್ಧಾರ್ಥ್. ಕೊನೆಯಲ್ಲಿ ಅಂಗನವಾಡಿಯ ಕದಿರಮ್ಮ, ಸ್ವೆಟರಿನಲ್ಲಿ ಉಂಡೆಯಾಗಿದ್ದ ಮೊಮ್ಮಗಳೊಂದಿಗೆ. ನಡುವೆ ಶ್ರೀವಲ್ಲಿ. ಹಿಂದೆ ಹನ್ನೆರಡರ ಮಗಳು ಅಪೇಕ್ಷಾ, ಕಾಲ ಬಳಿ ಕಾಳಿನ ಡಬ್ಬಿ. ವಿಹಾರಕ್ಕೆ ಹೊರಟರೂ ಅಡುಗೆಮನೆಯ ಒಂದು ತುಂಡು ಜೊತೆಗೇ ಹೊರಟಿತ್ತು.

"ಅಮ್ಮ, ಸೈಕಲ್ಲೋರು ಮುಂದೆ ಹೋಗ್ತಿದಾರೆ" ಎಂದಳು ಅಪೇಕ್ಷಾ.

"ಹೋಗ್ಲಿ."

ಹಿಂದಿನಿಂದ ಕದಿರಮ್ಮ ಕೂಗಿದರು, "ಏನಮ್ಮೋ, ಹಿಂಗೇ ಹೋದ್ರೆ ಅಲ್ಲಿಗೆ ಹೋಗೋ ಹೊತ್ಗೆ ಬೇಸಿಗೆ ಬಂದ್ಬಿಡ್ತದೆ."

ಊರು ದಾಟಿದ ಮೇಲೆ ಮಂಜು ದಟ್ಟವಾಯಿತು. ಸಂಘಮಿತ್ರಳ ಗಾಡಿಯ ಕೆಂಪು ದೀಪವೊಂದೇ ಕಾಣುತ್ತಿತ್ತು. ಆಮೇಲೆ ಅದೂ ಕಾಣಲಿಲ್ಲ. ಒಂದು ತಿರುವಿನಲ್ಲಿ ಬಿಳಿ ಮಂಜಿನೊಳಗಿಂದ ಕುರಿಗಳು ಹೊರಬಂದವು, ರಸ್ತೆ ತುಂಬಾ. ಅವತ್ತು ಅವಳನ್ನು ಬೀಳಿಸಿದಂಥದೇ ಮರಳು ರಸ್ತೆಯಂಚಿನಲ್ಲಿ ಹರಡಿತ್ತು. ಶ್ರೀವಲ್ಲಿ ಪಕ್ಕಕ್ಕೆ ತಿರುಗಿಸಲಿಲ್ಲ. ಎರಡೂ ಬ್ರೇಕು ಮೆಲ್ಲಗೆ ಹಿಡಿದು ಕಾಲುಗಳನ್ನು ನೆಲಕ್ಕೂರಿದಳು. ಡಬ್ಬಿ ಅಲುಗಾಡಿತು, ಗಾಡಿ ನಿಂತಿತು. ಒಂದು ಕುರಿ ಮುಂದಿನ ಚಕ್ರವನ್ನು ಮೂಸಿ ಮುಂದೆ ಹೋಯಿತು.

"ಅಮ್ಮ, ಬೀಳ್ಲಿಲ್ಲ" ಎಂದಳು ಅಪೇಕ್ಷಾ, ಅಮ್ಮನ ಸೊಂಟ ಬಿಡದೆ.

"ಇನ್ನೂ ದಾರಿ ಇದೆ. ಮಾತಾಡ್ದೆ ಕೂತ್ಕೊ." ಶ್ರೀವಲ್ಲಿಯ ಅಂಗೈ ಬೆವರಿರಲಿಲ್ಲ. ಅದನ್ನು ಅವಳೇ ಎರಡು ಸಲ ನೋಡಿಕೊಂಡಳು.

ಕಳವಾರದಲ್ಲಿ ಬೆಟ್ಟ ಎಲ್ಲಿದೆ ಎಂದೇ ತಿಳಿಯದಷ್ಟು ಮಂಜು. ಬಂಡೆಯ ಮೇಲೆ ಕೂತು ಡಬ್ಬಿ ತೆರೆದರು. ಯಾರೂ ಕರೆಯದೆ ಸಿದ್ಧಾರ್ಥ್ ಬಂದು ಒಂದು ಹಿಡಿ ಕಾಳು ತೆಗೆದುಕೊಂಡು ಹಿಚುಕತೊಡಗಿದ. ಅವನ ಬೆರಳಿನಿಂದ ಬೇಳೆ ಪುಳಕ್ಕನೆ ಜಾರಿ ಮುಚ್ಚಳಕ್ಕೆ ಬೀಳುತ್ತಿತ್ತು.

"ಏಯ್, ನಿಮ್ಮನೇಲಿ ಹುಡುಗ್ರೂ ಮಾಡ್ತಾರಾ ಇದನ್ನ?" ಅಪೇಕ್ಷಾ ಕೇಳಿದಳು.

"ತಿನ್ನೋರೆಲ್ಲ ಮಾಡ್ತಾರೆ" ಎಂದಳು ಸಂಘಮಿತ್ರ. "ನಮ್ಮಪ್ಪ ಬಯ್ಯಪ್ಪನೋರು ರೇಡಿಯೋ ಹಾಕ್ಕೊಂಡು ಹಿಚುಕ್ತಾ ಕೂರ್ತಿದ್ರು. ನಮಗಿಂತ ಜೋರು."

ಆರು ಜೋಡಿ ಕೈ ಸೇರಿದ್ದರಿಂದ ಬಿಸಿಲು ಬರುವಷ್ಟರಲ್ಲಿ ಡಬ್ಬಿಯ ಕಾಳೆಲ್ಲ ಬೇಳೆಯಾಯಿತು. ಮನೆಯಲ್ಲಾದರೆ ಶ್ರೀವಲ್ಲಿಯ ಇಡೀ ಬೆಳಗು ಅದಕ್ಕೇ ಹೋಗುತ್ತಿತ್ತು.

ವಾಪಸಾಗುವಾಗ ಸಂಘಮಿತ್ರ, "ಮುಂದೆ ನಡಿ" ಎಂದಳು. ಶ್ರೀವಲ್ಲಿ ಮುಂದೆ ಹೋದಳು. ಸೈಕಲ್ಲುಗಳನ್ನೂ ಹಿಂದೆ ಹಾಕಿದಳು.

ಮನೆಯ ಮುಂದೆ ನಲ್ಲಪ್ಪ ಆಗಲೇ ಬಂದು ಕಾಯುತ್ತಿದ್ದ. ಗಣೇಶ್ ಪ್ರಸಾದ್ ಕೀಗಾಗಿ ಕೈ ಚಾಚಿದ. ಶ್ರೀವಲ್ಲಿ ಬೇಳೆಯ ಡಬ್ಬಿಯನ್ನು ಆ ಕೈಗೆ ಕೊಟ್ಟಳು.

"ಇಲ್ಲ ನಲ್ಲಪ್ಪ, ಕೊಡಲ್ಲ. ನಾಳೆ ಮಂಡಿಕಲ್ಲಿಗೆ ಬೇಕು."

ನಲ್ಲಪ್ಪ ಚಕ್ರದ ಕೆಸರು ನೋಡಿ ನಕ್ಕ. "ನೀವು ಓಡಿಸೋದಾದ್ರೆ ನಂಗೇನ್ ಬೇಜಾರಿಲ್ಲಮ್ಮ. ಸೊಸೆಗೆ ಬೇರೆ ನೋಡ್ತೀನಿ."

ಗಣೇಶ್ ಪ್ರಸಾದ್ ಡಬ್ಬಿಯನ್ನು ಇನ್ನೊಂದು ಕೈಗೆ ದಾಟಿಸಿ, "ಒಳ್ಳೇದೇ ಆಯ್ತು ಬಿಡು" ಎಂದ. ಮನಸ್ಸಿನಿಂದಲೇ ಅಂದ. "ಸಂಜೆ ಬರ್ತಾ ಹಾಲು, ಸೊಪ್ಪು ನೀನೇ ತರ್ಬೋದು."

"ಅದನ್ನ ನೀವೇ ತನ್ನಿ. ನಾನು ಬೇಗ ಮನೆಗೆ ಬರೋಕೆ ಇಟ್ಕೊಂಡಿರೋದು, ಅಂಗಡಿ ಸುತ್ತೋಕಲ್ಲ."

ಒಳಗಿನಿಂದ ಗೋದಮ್ಮ ಕೇಳಿದರು, "ಬೇಳೆ ಆಯ್ತೇನಮ್ಮ?"

"ಆಗಿದೆ ಅತ್ತೆ. ನಿಮ್ಮ ಮಗನ ಕೈಲಿದೆ."

ಸೋಮವಾರ ಸಂಜೆ ಕಚೇರಿಯ ಬಾಗಿಲು ಹಾಕಿದಾಗ ಬಸ್ ಸ್ಟಾಪಿನಲ್ಲಿ ಜನ ಕಾಯುತ್ತಿದ್ದರು. ಶ್ರೀವಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಅವರ ಮುಂದೆಯೇ ಹೊರಟಳು. ಊರಿನ ಹೊರಗೆ, ಹುಣಸೆಮರದ ಹತ್ತಿರ, ಕಾರಣವಿಲ್ಲದೆ ಗಾಡಿ ನಿಲ್ಲಿಸಿದಳು. ಬಸ್ಸಿಗೆ ಕಾಯದೆ ಉಳಿದ ಈ ಹೊತ್ತಿನ ಲೆಕ್ಕ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಗಾಳಿಗೆ ಕೂತಿದ್ದು, ಮತ್ತೆ ಹೊರಟಳು.